ಅವಳಿ ಮಕ್ಕಳು ಬರುವ ಮೊದಲು ಅಪ್ಪ ಮಾಡಬೇಕಾದ್ದು

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಡಾಕ್ಟರು ಬರೆದುಕೊಟ್ಟ ತಾರೀಖು ನಂಬಿ ಕೂರಬೇಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ಒಗೆದ ಹಳೇ ಪಂಚೆಯ ತುಂಡು, ಎರಡೆರಡು ಟೋಪಿ ಎಲ್ಲ 30ನೇ ವಾರಕ್ಕೇ ಬ್ಯಾಗಿನಲ್ಲಿರಲಿ.

ಆಸ್ಪತ್ರೆಯಲ್ಲಿ ಎನ್‌ಐಸಿಯು (ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕ) ಇದೆಯೇ, ಒಟ್ಟಿಗೆ ಎರಡು ಹಾಸಿಗೆ ಸಿಗುತ್ತವೆಯೇ, ದಿನಕ್ಕೆಷ್ಟು ಖರ್ಚು ಎಂದು ಈಗಲೇ ವಿಚಾರಿಸಿ. ಇಲ್ಲವಾದರೆ ಬಾಣಂತಿ ಒಂದು ಕಡೆ, ಕೂಸುಗಳು ಇನ್ನೊಂದು ಕಡೆ ಆಗಿ ಹಾಲಿಗೇ ತೊಂದರೆ. ಹೊಟ್ಟೆ ಬಿಟ್ಟುಬಿಟ್ಟು ಬಿಗಿದರೆ, ನೀರು ಅಥವಾ ರಕ್ತ ಹೋದರೆ ಬೆಳಗಾಗಲೆಂದು ಕಾಯದೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಮನೆಗೆ ಬಂದಮೇಲೆ ನಿಜವಾದ ಲೆಕ್ಕ ಶುರು. ಒಂದು ಕೂಸಿಗೆ ದಿನಕ್ಕೆ 8ರಿಂದ 12 ಸಲ ಹಾಲು; ಎರಡಕ್ಕೆ 16ರಿಂದ 24. ನಿದ್ದೆಗಣ್ಣಲ್ಲಿ ಯಾವುದು ಕುಡಿದಿತ್ತು ಎಂಬುದೇ ಮರೆತುಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಸಮಯ, ಹಾಲು, ಉಚ್ಚೆ, ಕಕ್ಕ ಬರೆಯಿರಿ. ನೋಡಲು ಒಂದೇ ಥರ ಇದ್ದರೆ ಒಂದರ ಕಾಲುಬೆರಳಿನ ಉಗುರಿಗೆ ಬಣ್ಣ ಹಚ್ಚಿ. ದಾರ ಕಟ್ಟಿದರೆ ಬಿಗಿಯಾಗುವ ಅಪಾಯವಿದೆ. ಒಂದು ಎದ್ದಾಗ ಇನ್ನೊಂದನ್ನೂ ಎಬ್ಬಿಸಿ ಕುಡಿಸಿದರೆ ಅಮ್ಮನಿಗೆ ಒಂದಿಷ್ಟು ನಿದ್ದೆ. ತೇಗಿಸುವುದು ನಿಮ್ಮ ಕೆಲಸ.

ಬಟ್ಟೆಯ ಲಂಗೋಟಿ ಕನಿಷ್ಠ 40 ಬೇಕು, ಮಳೆಗಾಲದಲ್ಲಿ ಅದೂ ಸಾಲದು. ತೂಕ ಕಡಿಮೆಯಿದ್ದರೆ ಡಾಕ್ಟರನ್ನು ಕೇಳಿ, ಅಂಗಿ ಬಿಚ್ಚಿ ಕೂಸನ್ನು ಬರಿ ಎದೆಗೆ ಅವುಚಿಕೊಂಡು ಮೇಲೆ ಬಟ್ಟೆ ಹೊದೆಯಿರಿ. ಇದಕ್ಕೆ ಅಮ್ಮನೇ ಬೇಕೆಂದಿಲ್ಲ.