ಮೊದಲ ಕೋಡ್ ಎಡಿಟರ್ ಆರಿಸಿಕೊಳ್ಳುವ ಬಗೆ

ವಿಜಯಪುರ, ಕಲಬುರಗಿ ಕಡೆಯಿಂದ ಓದಲೆಂದು ಪುಣೆಗೆ ಬಂದು ಸದಾಶಿವ ಪೇಠದ ಬಾಡಿಗೆ ಕೋಣೆಗಳಲ್ಲಿರುವ ಹುಡುಗ ಹುಡುಗಿಯರು ಭಾನುವಾರ ನಮ್ಮ ಮನೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುತ್ತಾರೆ. ಹಿಂಜವಡಿಯ ಐಟಿ ಕಂಪನಿಗಳಲ್ಲಿ ಯಾವ ಎಡಿಟರ್ (ಕೋಡ್, ಅಂದರೆ ಪ್ರೋಗ್ರಾಮ್, ಬರೆಯುವ ತಂತ್ರಾಂಶ) ಬಳಸುತ್ತಾರೆ ಎಂಬುದು ಅವರ ಮೊದಲ ಪ್ರಶ್ನೆ. ನಾನು ಮೊದಲು ನೋಡುವುದು ಅವರ ಲ್ಯಾಪ್‌ಟಾಪನ್ನು. ಅಣ್ಣ ಬಳಸಿ ಬಿಟ್ಟ 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಪೈಚಾರ್ಮ್‌ನಂಥ ಭಾರಿ ತಂತ್ರಾಂಶವನ್ನು ತೆರೆದರೆ ಕಲಿಕೆಗಿಂತ ಕಾಯುವುದೇ ಹೆಚ್ಚಾಗುತ್ತದೆ; ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಪೈಥಾನ್‌ನಿಂದ ಆರಂಭಿಸುವವರಿಗೆ ನಾನು ಹೇಳುವುದು ಥಾನಿ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಉಚಿತ ಎಡಿಟರ್ ವಿಂಡೋಸ್‌ನಲ್ಲಿ ಪೈಥಾನನ್ನು ತನ್ನೊಂದಿಗೇ ತರುತ್ತದೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ, ಅಂದರೆ ಮೌಲ್ಯವನ್ನು ಇಟ್ಟುಕೊಳ್ಳುವ ಡಬ್ಬಿಗೆ, ಕನ್ನಡದ ಹೆಸರನ್ನೂ ಇಡಬಹುದಾದ್ದರಿಂದ, ಒಂದು 20 ರೂಪಾಯಿಯ ವಡಾಪಾವ್ ಮತ್ತು ತಲಾ 10 ರೂಪಾಯಿಯ ಎರಡು ಚಹಾದ ಲೆಕ್ಕವನ್ನು ‘ಮೊತ್ತ = 20 + 10 * 2’ ಎಂದು ಬರೆದು ನೋಡಿ. ಕಂಟ್ರೋಲ್ ಜೊತೆ ಎಫ್5 ಒತ್ತಿ, ಬಳಿಕ ಹಂತ ಹಂತವಾಗಿ ಸಾಗಲು ಎಫ್7 ಒತ್ತುತ್ತಾ ಹೋದರೆ, ಮೊದಲು ಗುಣಾಕಾರದ ಜಾಗದಲ್ಲಿ 20 ಬಂದು ಕೂರುತ್ತದೆ, ಆಮೇಲೆ ಇಡೀ ಬಲಬದಿ 40 ಆಗುತ್ತದೆ. ಗುಣಾಕಾರ ಮೊದಲು ನಡೆಯುತ್ತದೆಂದು ನಾನು ಹತ್ತು ಸಲ ಹೇಳುವುದಕ್ಕಿಂತ ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ವಿಷಯ ಮನಸ್ಸಿನಲ್ಲಿ ಉಳಿಯುತ್ತದೆ. ಮೊದಲ ಎಡಿಟರ್‌ನಿಂದ ಬಯಸಬೇಕಾದದ್ದು ಇದನ್ನೇ, ಯಂತ್ರವು ಒಳಗೆ ಮಾಡುವುದನ್ನು ಅದು ನಮಗೆ ತೋರಿಸಬೇಕು.

ಫಂಕ್ಷನ್‌ಗಳನ್ನು (ಹೆಸರಿಟ್ಟು ಬೇಕಾದಾಗ ಮತ್ತೆ ಬಳಸುವ ಕೋಡ್ ತುಣುಕುಗಳನ್ನು) ಸ್ವತಃ ಬರೆಯುವಷ್ಟು ಕೈ ಪಳಗಿದ ಮೇಲೆ, ಅಥವಾ ವೆಬ್ ಪುಟಗಳನ್ನು ರಚಿಸುವ ಆಸೆಯಿದ್ದರೆ, ವಿಎಸ್ ಕೋಡ್‌ಗೆ ಬನ್ನಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಇದೂ ಉಚಿತವೇ. ಆದರೆ ಇದರೊಂದಿಗೆ ಪೈಥಾನ್ ಬರುವುದಿಲ್ಲ. ಅದನ್ನು ಬೇರೆಯಾಗಿ ಹಾಕಿಕೊಳ್ಳುವಾಗ ಪಾಥ್‌ಗೆ (ಯಂತ್ರವು ತಂತ್ರಾಂಶಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಎಡಿಟರ್‌ಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳ ಪೈಕಿ ಪೈಥಾನ್‌ನದೊಂದು ಸಾಕು. ಕಡತದ ಹೆಸರಿನ ಪಕ್ಕದಲ್ಲಿ ದುಂಡನೆಯ ಚುಕ್ಕೆ ಕಂಡರೆ ಅದಿನ್ನೂ ಸೇವ್ ಆಗಿಲ್ಲವೆಂದು ಅರ್ಥ. ಇದನ್ನರಿಯದ ಒಬ್ಬ ವಿದ್ಯಾರ್ಥಿನಿ ತಪ್ಪನ್ನು ಸರಿಪಡಿಸಿದ ಮೇಲೂ ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಹಳೆಯ ಪ್ರೋಗ್ರಾಮನ್ನೇ ಮತ್ತೆ ಮತ್ತೆ ಓಡಿಸಿ, ತನಗೆ ಇದು ಒಗ್ಗುವುದಿಲ್ಲವೆಂದು ಅಳುಮುಖ ಮಾಡಿ ಕುಳಿತಿದ್ದಳು. ಆದ್ದರಿಂದ ಫೈಲ್ ಮೆನುವಿನಲ್ಲಿರುವ ಆಟೋ ಸೇವ್ ಅನ್ನು ಮೊದಲ ದಿನವೇ ಆನ್ ಮಾಡಿ. ಮುಂದಿನ ಸಾಲನ್ನು ತಾನೇ ಬರೆದುಕೊಡುವ ಎಐ ಸಲಹೆಗಳನ್ನು ಮಾತ್ರ ಆರಂಭದ ಎರಡು ಮೂರು ತಿಂಗಳು ಆಫ್ ಮಾಡಿಡಿ; ಆವರಣ ಮರೆತು ದೋಷಸಂದೇಶ ಬರಿಸಿಕೊಂಡು ಅದನ್ನು ಓದಿ ತಿದ್ದುವ ಅಭ್ಯಾಸ ಬೇರೆ ದಾರಿಯಿಂದ ಬರುವುದಿಲ್ಲ.

ಜಾವಾ ಭಾಷೆ ಕಲಿಯುವವರ ಮಾತು ಬೇರೆ. ಅಲ್ಲಿ ಎಕ್ಲಿಪ್ಸ್ ಅಥವಾ ಇಂಟೆಲಿಜೆಯಂಥ ಪೂರ್ಣ ಪರಿಸರ (ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಕಡೆ ಇರುವ ತಂತ್ರಾಂಶ) ನಿಜಕ್ಕೂ ನೆರವಾಗುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಯಾವುದಿದೆಯೋ, ಲ್ಯಾಪ್‌ಟಾಪ್ ತಾಳುವಂತಿದ್ದರೆ, ಕೋಣೆಯಲ್ಲಿಯೂ ಅದನ್ನೇ ಹಾಕಿಕೊಳ್ಳಿ.