ಅಡಿಕೆ ತೋಟಕ್ಕೆ ನುಗ್ಗಿದ ಶಂಖದ ಹುಳು: ನಾವು ಹಿಡಿತಕ್ಕೆ ತಂದ ಬಗೆ

ಆಫ್ರಿಕನ್ ಶಂಖದ ಹುಳುವಿಗೆ, ಅಂದರೆ ಹೊರದೇಶದಿಂದ ಬಂದ ದೊಡ್ಡ ಬಸವನಹುಳುವಿಗೆ, ಯಾವ ಔಷಧಿ ಹೊಡೆಯಬೇಕು ಅಂತ ಕೇಳುವವರೇ ಜಾಸ್ತಿ. ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಬಕೆಟ್ ಹಿಡಿಯಿರಿ, ಔಷಧಿ ಮಾತು ಆಮೇಲೆ.

ನಮ್ಮ ತೋಟ ಚನ್ನಗಿರಿ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿದೆ. ಅಡಿಕೆ ನಡುವೆ ಬಾಳೆ, ಒಂದು ಬದಿಗೆ ವೀಳ್ಯದೆಲೆ, ಮನೆ ಹತ್ತಿರ ತರಕಾರಿ. ದೊಡ್ಡ ಅಡಿಕೆ ಮರಕ್ಕೆ ಈ ಹುಳು ಅಷ್ಟಾಗಿ ತೊಂದರೆ ಕೊಡಲಿಲ್ಲ. ನಮಗೆ ಪೆಟ್ಟು ಬಿದ್ದದ್ದು ಅಡಿಕೆ ಸಸಿಗೆ, ಬಾಳೆ ಕಂದಿಗೆ, ಪಪ್ಪಾಯಿಗೆ, ವೀಳ್ಯದೆಲೆಯ ಚಿಗುರಿಗೆ. ಸಂಜೆ ಚೆನ್ನಾಗಿದ್ದ ಬೀನ್ಸ್ ಸಾಲು ಬೆಳಿಗ್ಗೆ ನೋಡಿದರೆ ಬರೀ ಕಡ್ಡಿ. ಗೋಡೆಯ ಸುಣ್ಣವನ್ನೂ ಕೆರೆದು ತಿನ್ನುತ್ತದೆ, ಯಾಕಂದ್ರೆ ಚಿಪ್ಪು ಬೆಳೆಸಲು ಅದಕ್ಕೆ ಸುಣ್ಣದ ಅಂಶ ಬೇಕು.

ಇದು ನಮ್ಮ ನೆಲದ ಹುಳು ಅಲ್ಲ. ಪೂರ್ವ ಆಫ್ರಿಕಾದ್ದು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ಕೆಲವನ್ನು ಕಲ್ಕತ್ತಾಗೆ ತಂದ. ಅವನಿಗೆ ಚಿಪ್ಪು ಕೂಡಿಸುವ ಹವ್ಯಾಸ. ಅಲ್ಲಿನ ಒಂದು ತೋಟ ಸೇರಿದ ಹುಳು ಈಗ ದೇಶದ ಬಹಳಷ್ಟು ಕಡೆ ಇದೆ. ಗಿಡದ ಚೀಲ, ಮಣ್ಣು, ಗೊಬ್ಬರದ ಜೊತೆ ಮನುಷ್ಯರೇ ಅದನ್ನು ಊರಿಂದ ಊರಿಗೆ ಹೊತ್ತರು. ನಮ್ಮ ತೋಟದಲ್ಲಿ ಅದು ಮೊದಲು ಕಂಡಿದ್ದು ಹೊರಗಿನಿಂದ ತಂದ ಸಸಿ ಇಳಿಸಿದ್ದ ಮೂಲೆಯಲ್ಲಿ.

ಇದರ ಸಂತಾನ ನೋಡಿದರೆ ಹೆದರಿಕೆ ಆಗುತ್ತದೆ. ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಇರುತ್ತದೆ. ಎರಡು ಕೂಡಿದರೆ ಎರಡೂ ಮೊಟ್ಟೆ ಇಡಬಹುದು. ಒಂದು ಸಲಕ್ಕೆ 100ರಿಂದ 400 ಮೊಟ್ಟೆ, ಅದೂ ವರ್ಷಕ್ಕೆ ಹಲವು ಸಲ. ಸಾಸಿವೆಗಿಂತ ದೊಡ್ಡ, ಬಟಾಣಿಗಿಂತ ಚಿಕ್ಕ, ಹಳದಿ ಬಿಳುಪಿನ ಮೊಟ್ಟೆಗಳು. ಒದ್ದೆ ಮಣ್ಣಿನಲ್ಲಿ ಒಂದೆರಡು ಬೆರಳು ಆಳಕ್ಕೆ ಗುಂಪಾಗಿ ಇರುತ್ತವೆ. ಸುಮಾರು ಆರು ತಿಂಗಳಲ್ಲಿ ಮರಿಯೂ ಮೊಟ್ಟೆ ಇಡುವ ಹಂತಕ್ಕೆ ಬರುತ್ತದೆ. ಅಮೆರಿಕದ ಫ್ಲಾರಿಡಾಕ್ಕೆ 1966ರಲ್ಲಿ ಒಬ್ಬ ಹುಡುಗ ಆಸೆಗೆ ಮೂರು ಹುಳು ತಂದಿದ್ದನಂತೆ. ಕೆಲವೇ ವರ್ಷದಲ್ಲಿ ಅಲ್ಲಿ 18,000ಕ್ಕೂ ಹೆಚ್ಚು ಸಿಕ್ಕವು. ಅವನ್ನು ಅಳಿಸುವುದಕ್ಕೆ ಹತ್ತು ವರ್ಷ ಹಿಡಿಯಿತು, ಹತ್ತು ಲಕ್ಷ ಡಾಲರ್ ಖರ್ಚಾಯಿತು. ಅದಕ್ಕೇ "ಎರಡೇ ಹುಳು ಇರೋದು, ಬಿಡಿ" ಅಂದರೆ ನನಗೆ ಸುಮ್ನಿರಲು ಆಗುವುದಿಲ್ಲ.

ನಮ್ಮ ಕಡೆಯದು ಬಯಲುಸೀಮೆ ಬಿಸಿಲು. ಈ ಬಿಸಿಲು ಆ ಹುಳುವಿಗೆ ಆಗಿಬರುವುದಿಲ್ಲ. ಬೇಸಿಗೆ ಬಂದರೆ ಕಲ್ಲಿನ ಸಂದಿ, ಮಣ್ಣಿನೊಳಗೆ ಸೇರಿ, ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಆದರೆ ಅಡಿಕೆ ತೋಟದಲ್ಲಿ ನೀರು ಇದೆ, ನೆರಳಿದೆ, ಬುಡಕ್ಕೆ ಸೋಗೆಯ ಮುಚ್ಚಿಗೆ ಇದೆ. ಬೇಸಿಗೆ ಕಳೆಯಲು ನಾವೇ ಅದಕ್ಕೆ ತಂಪಾದ ಜಾಗ ಮಾಡಿಕೊಟ್ಟಿದ್ದೇವೆ. ಇದು ಅರ್ಥವಾದ ಮೇಲೆ ನಮ್ಮ ಕೆಲಸದ ಕ್ರಮವೇ ಬದಲಾಯಿತು.

ಮೊದಲ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ. ಮುಂಗಾರಿಗೆ ಮುಂಚೆ, ಮಲಗಿದ ಹುಳುವನ್ನೇ ಹುಡುಕುವುದು. ಸೋಗೆ ರಾಶಿ, ತೆಂಗಿನ ಮಟ್ಟೆ ಗುಡ್ಡೆ, ಬದುವಿನ ಕಲ್ಲು, ನೀರಿನ ತೊಟ್ಟಿಯ ಬುಡ, ಗೊಬ್ಬರದ ಗುಂಡಿಯ ಅಂಚು, ಎಲ್ಲ ತಿರುವಿ ನೋಡುತ್ತೇವೆ. ಆಗ ಅವು ಓಡಾಡುವುದಿಲ್ಲ, ಒಂದೇ ಜಾಗದಲ್ಲಿ ಗುಂಪಾಗಿ ಸಿಗುತ್ತವೆ. ಆಗ ತೆಗೆದ ಒಂದು ಹುಳು ಅಂದರೆ ಮಳೆ ಬಿದ್ದ ಮೇಲೆ ಹುಟ್ಟಬೇಕಿದ್ದ ನೂರಾರನ್ನು ತೆಗೆದ ಲೆಕ್ಕ. ಇಡೀ ವರ್ಷದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದೆ ಅಂದರೆ ಇದನ್ನೇ ಮಾಡಿ ಅನ್ನುತ್ತೇನೆ. ಬದುವಿನ ಮಣ್ಣು ಮೇಲೆ ಕೆಳಗೆ ಮಾಡಿದರೆ ಮೊಟ್ಟೆಯೂ ಬಿಸಿಲಿಗೆ ಬಂದು ಒಣಗುತ್ತದೆ.

ಮಳೆ ಶುರುವಾದ ಮೇಲೆ ರಾತ್ರಿ ಕೆಲಸ. ಊಟ ಮುಗಿಸಿ ಬ್ಯಾಟರಿ, ಬಕೆಟ್ ಹಿಡಿದು ಹೊರಡುತ್ತೇವೆ. ಕೈಗೆ ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಇರಲೇಬೇಕು. ಇಲಿಯ ಹಿಕ್ಕೆಯಿಂದ ಈ ಹುಳುವಿಗೆ ಒಂದು ಬಗೆಯ ಸಣ್ಣ ಜಂತು ಸೇರಿಕೊಳ್ಳುತ್ತದೆ. ಅದು ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಕಾಯಿಲೆ ತರುತ್ತದೆ. ಹಾಗಾಗಿ ಮಕ್ಕಳನ್ನು ಬರಿಗೈಲಿ ಮುಟ್ಟಲು ಬಿಡಬೇಡಿ. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ತೋಟದ ಸೊಪ್ಪು, ಸೌತೆಕಾಯಿ ಚೆನ್ನಾಗಿ ತೊಳೆಯದೆ ತಿನ್ನಬೇಡಿ.

ಕೈಯಲ್ಲಿ ಆರಿಸುವುದನ್ನು ಹಗುರ ಮಾಡುವುದು ಗೋಣಿಚೀಲ. ಹಳೆಯ ಗೋಣಿಚೀಲ ನೆನೆಸಿ, ಒಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಹೊರಸಿಪ್ಪೆ, ಕೊಳೆತ ಬಾಳೆಹಣ್ಣು ಇಟ್ಟು ಸಂಜೆ ಸಾಲಿನ ನಡುವೆ ಹಾಸುತ್ತೇವೆ. ವಾಸನೆಗೆ ಅವು ಬಂದು ಸೇರುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಚೀಲ ಎತ್ತಿದರೆ ಅಡಿಯಲ್ಲೇ ಅಂಟಿಕೊಂಡಿರುತ್ತವೆ. ತಡ ಮಾಡಿದರೆ ಮತ್ತೆ ಚದುರುತ್ತವೆ.

ಕೂಲಿಯ ವಿಷಯ ಒಂದು ಹೇಳಬೇಕು. ಕೆಜಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಎಲ್ಲರೂ ದಪ್ಪನೆಯವನ್ನೇ ಆರಿಸುತ್ತಾರೆ, ಅದು ಸಹಜ. ಕಡಲೆ ಕಾಳಿನಷ್ಟಿರುವ ಮರಿಗಳು ಅಲ್ಲೇ ಉಳಿಯುತ್ತವೆ. ನಮ್ಮ ತೋಟಕ್ಕೆ ಬರುವ ಹಿರಿಯಮ್ಮ ಒಬ್ಬರೇ ಇದನ್ನು ಹೇಳಿದ್ದು: "ತಮ್ಮಾ, ತೂಕಕ್ಕೆ ಕೊಡಬೇಡ. ದಿನಗೂಲಿ ಕೊಡು, ನಾವು ಸಾಲು ಪೂರ್ತಿ ಸ್ವಚ್ಛ ಮಾಡ್ತೀವಿ." ಅಂದಿನಿಂದ ಹಾಗೇ ನಡೆಯುತ್ತಿದೆ.

ಆರಿಸಿದ್ದನ್ನು ದಟ್ಟ ಉಪ್ಪು ನೀರಿನ ಬಕೆಟ್‌ಗೆ ಹಾಕುತ್ತೇವೆ. ಉಪ್ಪನ್ನು ನೆಲದ ಮೇಲೆ ಚೆಲ್ಲಬಾರದು, ಮಣ್ಣು ಕೆಡುತ್ತದೆ. ಸತ್ತ ಮೇಲೆ ನೀರು ಬಸಿದು, ತೋಟದಿಂದ ದೂರದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುತ್ತೇವೆ. ಚಿಪ್ಪುಗಳನ್ನು ಸುಮ್ನೆ ಬಿಸಾಡಿದರೆ ಮಳೆ ನೀರು ನಿಂತು ಸೊಳ್ಳೆ ಆಗುತ್ತದೆ, ಅದಕ್ಕೆ ಮೆಟ್ಟಿ ಪುಡಿ ಮಾಡಿಯೇ ಹೂಳುವುದು. ನಾಲೆಗೆ ಮಾತ್ರ ಎಸೆಯಬೇಡಿ. ಜೀವಂತ ಎಸೆದದ್ದು ಕಸದ ಜೊತೆ ತೇಲಿ ಕೆಳಗಿನ ರೈತನ ತೋಟ ಸೇರುತ್ತದೆ.

ಮನೆಯಲ್ಲಿ ಹಿರಿಯರಿಗೆ ಈ ಕೆಲಸ ಇಷ್ಟವಿಲ್ಲ. ಇಷ್ಟೊಂದು ಜೀವ ತೆಗೆಯುವುದು ನನಗೂ ಸಂಕಟವೇ. ಆ ಹುಳುವಿನ ತಪ್ಪೇನಿಲ್ಲ, ತಂದವರು ಮನುಷ್ಯರು. ಆದರೆ ಬಿಟ್ಟರೆ ಇಲ್ಲಿನ ಬೇರೆ ಜೀವಗಳಿಗೆ ಜಾಗ ಉಳಿಯುವುದಿಲ್ಲ. ನಮ್ಮ ದೇಸಿ ಬಸವನಹುಳುಗಳೂ ಮಳೆಗೆ ಹೊರಬರುತ್ತವೆ. ನಮ್ಮ ತೋಟದಲ್ಲಿರುವವು ಚಿಕ್ಕವು, ಚಪ್ಪಟೆ ಚಿಪ್ಪಿನವು. ಆಫ್ರಿಕಾದ್ದು ಉದ್ದಕ್ಕೆ ಮೊನಚಾಗಿ, ಕಂದು ಪಟ್ಟೆ ಪಟ್ಟೆಯಾಗಿರುತ್ತದೆ, ಅಂಗೈ ತುಂಬುವಷ್ಟು ಬೆಳೆಯುತ್ತದೆ. ಆರಿಸುವವರಿಗೆ ಮೊದಲ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಚಪ್ಪಟೆಯದನ್ನು ವಾಪಸ್ ಎಲೆಯ ಕೆಳಗೆ ಬಿಡಬೇಕು.

ವಿಷದ ಬಗ್ಗೆ ನಾನು ಹಿಂಜರಿಯುವುದಕ್ಕೂ ಇದೇ ಕಾರಣ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ಅದಕ್ಕೆ ದೇಸಿ ಹುಳು, ಹೊರಗಿನ ಹುಳು ಅಂತ ಭೇದ ಗೊತ್ತಿಲ್ಲ. ನಾಯಿ ತಿಂದರೆ ನಾಯಿ ಸಾಯುತ್ತದೆ, ಹಕ್ಕಿಗಳಿಗೂ ಅಪಾಯ. ನಮ್ಮಲ್ಲಿ ನವಿಲು ಬರುತ್ತವೆ, ಹಟ್ಟಿಯಲ್ಲಿ ಕೋಳಿ ಇವೆ. ಕೆಂಬೂತ ಈ ಹುಳುವನ್ನು ಕುಕ್ಕಿ ತಿನ್ನುತ್ತದೆ, ಅದು ನಮ್ಮ ಪರವಾಗಿ ಕೆಲಸ ಮಾಡುವ ಹಕ್ಕಿ. ವಿಷ ತಿಂದ ಹುಳುವನ್ನು ಅದಕ್ಕೆ ಉಣ್ಣಿಸುವುದು ನನಗೆ ಬೇಡ. ಸಸಿಮಡಿಯ ಸುತ್ತ ಮಾತ್ರ ಸುಣ್ಣದ ಪುಡಿ ಹಾಕುತ್ತೇವೆ. ಮಳೆ ಬಂದಾಗ ತೊಳೆದು ಹೋಗುತ್ತದೆ, ಮತ್ತೆ ಹಾಕಬೇಕು. ಎಳೆ ಮರದ ಬುಡಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿದರೆ ಹತ್ತುವುದು ಕಡಿಮೆ, ಅದರಲ್ಲಿರುವ ತಾಮ್ರ ಹುಳುವಿಗೆ ಆಗದು. ತಂಬಾಕು ಕಷಾಯಕ್ಕೆ ಮೈಲುತುತ್ತ ಸೇರಿಸಿ ಹೊಡೆಯುವವರಿದ್ದಾರೆ. ವೀಳ್ಯದೆಲೆಯ ಮೇಲೆ ದಯವಿಟ್ಟು ಅದನ್ನು ಹೊಡೆಯಬೇಡಿ. ಜನ ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುವ ಎಲೆ ಅದು.

"ಇದನ್ನು ತಿನ್ನೋ ಇನ್ನೊಂದು ಹುಳು ಇದೆಯಂತೆ, ತಂದು ಬಿಡೋಣ" ಅಂತ ಒಬ್ಬ ಗೆಳೆಯ ಹೇಳಿದ. ಹವಾಯಿಯಲ್ಲಿ 1955ರಲ್ಲಿ ಹಾಗೇ ಮಾಡಿದರು. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದಲ್ಲಿ 1977ರಲ್ಲಿ ಮಾಡಿದರು. ಬೇಟೆಗೆ ಬಿಟ್ಟ ಆ ಇನ್ನೊಂದು ಜಾತಿಯ ಬಸವನಹುಳು ಆಫ್ರಿಕಾದ್ದನ್ನು ಬಿಟ್ಟು ಅಲ್ಲಿನ ದೇಸಿ ಬಸವನಹುಳುಗಳನ್ನೇ ತಿಂದಿತು. ಮೊರೆಯಾದಲ್ಲಿ ಸುಮಾರು ಹತ್ತು ವರ್ಷದಲ್ಲಿ ಆ ದೇಸಿ ಜಾತಿಗಳು ಕಾಡಿನಿಂದ ಇಲ್ಲವಾದವು. ಇದನ್ನು ಕೇಳಿದ ಮೇಲೆ ಗೆಳೆಯ ಆ ಮಾತು ಎತ್ತಲಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದೇ ತೋಟದಿಂದ ಇದು ಮುಗಿಯುವುದಿಲ್ಲ. ನಮ್ಮಲ್ಲಿ ಆರಿಸಿದಷ್ಟೂ ಪಕ್ಕದ ಬೇಲಿಯಿಂದ ಬರುತ್ತಿತ್ತು. ಕೊನೆಗೆ ಅಕ್ಕಪಕ್ಕದವರು ಸೇರಿ ಮುಯ್ಯಾಳು ಮಾಡಿಕೊಂಡೆವು. ಒಂದು ರಾತ್ರಿ ನಮ್ಮ ತೋಟ, ಮರುರಾತ್ರಿ ಅವರದು. ಬೇಲಿ ಸಾಲನ್ನು ಎರಡೂ ಕಡೆಯವರು ಕೂಡಿಯೇ ನೋಡಬೇಕು, ಅಡಗುವ ಜಾಗ ಅಲ್ಲೇ ಹೆಚ್ಚು. ಹೊಸ ಸಸಿ, ಗೋಡು ಮಣ್ಣು, ಗೊಬ್ಬರ ಯಾರು ತಂದರೂ ಒಂದು ತಿಂಗಳು ತೋಟದ ಹೊರಗೇ ಇಡಬೇಕು ಅಂತ ಮಾತಾಗಿದೆ. ಚೀಲದ ಅಡಿ ನೋಡಿದ ಮೇಲೆ ಒಳಗೆ ಬರುತ್ತದೆ.

ಹುಳು ಪೂರ್ತಿ ಹೋಗಿಲ್ಲ. ಆದರೆ ವೀಳ್ಯದೆಲೆ ಮತ್ತೆ ಕೊಯ್ಯುತ್ತಿದ್ದೇವೆ, ಸಸಿಗಳು ನಿಂತಿವೆ. ನಿಮ್ಮ ಕಡೆ ಮೊದಲ ಸಲ ಕಂಡರೆ ಫೋಟೋ ತೆಗೆದು ತೋಟಗಾರಿಕೆ ಇಲಾಖೆಗೆ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಅದೇ ಹುಳು ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ನಾಲೆ ಮೇಲಿನ ತೋಟದವರು ಇನ್ನೂ ಸೇರಿಲ್ಲ. ಬರುವ ಬೇಸಿಗೆಗೆ ಮುಂಚೆ ಅವರನ್ನು ಒಪ್ಪಿಸಬೇಕು.