ಲಾಳದಿಂದ ಟೋ ಕ್ಯಾಪ್‌ವರೆಗೆ: ನನ್ನ ಅನುಭವ

ನಮ್ಮ ತಂದೆಯವರು ಪೀಣ್ಯದ ಬಾಡಿಗೆ ಶೆಡ್ಡೊಂದರಲ್ಲಿ ಆರಂಭಿಸಿದ್ದು ಬೂಟಿನ ಲಾಳ ತಯಾರಿಸುವ ಕೆಲಸವನ್ನು. ಪೊಲೀಸರೂ ಸೈನಿಕರೂ ಚರ್ಮದ ಅಟ್ಟೆಯ ಬೂಟು ತೊಡುತ್ತಿದ್ದ ಕಾಲವದು. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿಯದಿದ್ದರೆ ಅಟ್ಟೆ ಬೇಗನೆ ಸವೆದುಹೋಗುತ್ತಿತ್ತು. ಪಟ್ಟಿಯನ್ನು ಕತ್ತರಿಸಿ, ಬಗ್ಗಿಸಿ, ತೂತು ಹಾಕಿದ ಮೇಲೆ ಮೊಳೆಯ ತಲೆ ಒಳಗೆ ಹುದುಗುವಂತೆ ತೂತಿನ ಬಾಯನ್ನು ಅಗಲಿಸಬೇಕಿತ್ತು; ಶಾಲೆ ಬಿಟ್ಟ ಮೇಲೆ ನನ್ನ ಪಾಲಿಗೆ ಬರುತ್ತಿದ್ದ ಕೆಲಸ ಅದು.

ರಬ್ಬರ್ ಅಟ್ಟೆಯ ಬೂಟುಗಳು ಬಂದ ಮೇಲೆ ಲಾಳದ ಬೇಡಿಕೆ ಕುಸಿಯಿತು. ಕೆಲವು ವರ್ಷ ಶ್ಯಾಂಕ್, ಅಂದರೆ ಪಾದದ ಕಮಾನಿನಡಿ ಬೂಟು ಮಡಚಿಕೊಳ್ಳದಂತೆ ಹಿಡಿದಿಡುವ ಉಕ್ಕಿನ ಪಟ್ಟಿ, ಮಾಡಿ ದಿನ ದೂಡಿದೆವು.

ಆಡಳಿತ ನನ್ನ ಕೈಗೆ ಬಂದಾಗ ಸುರಕ್ಷತಾ ಬೂಟಿನ ಟೋ ಕ್ಯಾಪಿಗೆ, ಅಂದರೆ ಬೂಟಿನ ಮೂತಿಯೊಳಗೆ ಕೂತು ಕಾಲ್ಬೆರಳುಗಳನ್ನು ಕಾಯುವ ಉಕ್ಕಿನ ಕವಚಕ್ಕೆ, ಕೈ ಹಾಕಿದೆ. ಲಾಳ ಮಾಡಿದವನಿಗೆ ಇದೇನು ಮಹಾ ಎಂದುಕೊಂಡಿದ್ದು ನನ್ನ ತಪ್ಪು. ಐಎಸ್ 15298 ಎಂಬ ಭಾರತೀಯ ಮಾನದಂಡದ ಪ್ರಕಾರ ಸುರಕ್ಷತಾ ಬೂಟಿನ ಮೂತಿ 200 ಜೂಲ್ ಹೊಡೆತವನ್ನು ತಾಳಬೇಕು. ಎಂದರೆ 20 ಕಿಲೋ ತೂಕವು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಒಳಗೆ ಮೆತ್ತನೆಯ ಜೇಡಿಯ ಸಣ್ಣ ಉರುಳೆಯನ್ನಿಟ್ಟು ಹೊಡೆದು, ಅದು ಎಷ್ಟು ಚಪ್ಪಟೆಯಾಯಿತೆಂದು ಅಳೆಯುತ್ತಾರೆ. 42ರ ಅಳತೆಯ ಬೂಟಿನಲ್ಲಿ 14 ಮಿ.ಮೀ. ಎತ್ತರವಾದರೂ ಉಳಿದಿರಬೇಕು. ಆ ಉಳಿದ ಜಾಗವೇ ಕೆಲಸಗಾರನ ಬೆರಳು.

ನಮ್ಮ ಮೊದಲ ಕ್ಯಾಪುಗಳು ಬಗ್ಗಲಿಲ್ಲ, ಸೀಳಿದವು. ಉಕ್ಕಿನ ತಗಡಿನ ಸುರುಳಿ (ಕಾಯಿಲ್) ಕಳಪೆಯದೆಂದು ಸರಬರಾಜುದಾರರ ಮೇಲೆ ಹಾರಾಡಿದೆನಾದರೂ ದೋಷ ನಮ್ಮ ಕುಲುಮೆಯ ಬಳಿಯೇ ಇತ್ತು: ಸಂಜೆ ಎಣ್ಣೆಯಲ್ಲಿ ಅದ್ದಿ ಗಡುಸುಗೊಳಿಸಿದ ಕ್ಯಾಪುಗಳನ್ನು, ಟೆಂಪರಿಂಗ್ (ಮತ್ತೆ ಹದವಾಗಿ ಕಾಯಿಸಿ ಒಳಗಿನ ಬಿಗಿತ ಇಳಿಸುವುದು) ಬೆಳಿಗ್ಗೆ ಮಾಡಿದರಾಯಿತೆಂದು ರಾತ್ರಿಯಿಡೀ ಹಾಗೆಯೇ ಬಿಡುತ್ತಿದ್ದೆವು. ಗಡುಸಾದ ಉಕ್ಕು ಒಳಗಿನ ಬಿಗಿತಕ್ಕೇ ಬಿರಿಯುತ್ತದೆ. ಮೂಲೆಯ ತಿರುವಿನಲ್ಲಿ ಕೂದಲೆಳೆಯಂಥ ಗೆರೆ ಭೂತಗನ್ನಡಿಗೆ ಮಾತ್ರ ಕಾಣುತ್ತಿತ್ತು. ಅದ್ದಿದ ಪಾಳಿಯವರೇ ಟೆಂಪರಿಂಗ್ ಮುಗಿಸಿ ಮನೆಗೆ ಹೋಗಬೇಕೆಂಬ ನಿಯಮ ಮಾಡಿದ ಮೇಲೆ ಸೀಳುವುದು ನಿಂತಿತು. ಕ್ಯಾಪಿಗೆ ಆಕಾರ ಕೊಡುವ ಅಚ್ಚಿನ, ಅಂದರೆ ಡೈಯ, ತಿರುವನ್ನೂ ತುಸು ದುಂಡಗಾಗಿಸಿದೆವು; ಇದಕ್ಕೆ ಖರ್ಚಾದ ಹಣವನ್ನು ನಾನು ಮನೆಯಲ್ಲಿ ಇಂದಿಗೂ ಪೂರ್ತಿ ಹೇಳಿಲ್ಲ.

ಈಗ ಗಿರಾಕಿಗಳು ಲೋಹಶೋಧಕದಲ್ಲಿ ಸದ್ದು ಮಾಡದ, ಹಗುರವಾದ ಕಾಂಪೋಸಿಟ್ ಕ್ಯಾಪ್ ಕೇಳುತ್ತಾರೆ. ಅದಕ್ಕೆ ಬೇಕಾದ ಯಂತ್ರವೇ ಬೇರೆ, ನಾನಿನ್ನೂ ಕೊಂಡಿಲ್ಲ. ಪರೇಡಿನ ಬೂಟಿಗೆಂದು ಅಪರೂಪಕ್ಕೆ ಲಾಳದ ಆರ್ಡರ್ ಬಂದಾಗ ತಂದೆಯವರ ಹಳೆಯ ಡೈಯನ್ನೇ ಪ್ರೆಸ್ಸಿಗೆ ಕಟ್ಟುತ್ತೇವೆ.